ಏಳು ಗೇಣು ಕೆಳಗ

ಬಾವಿ ಅಲ್ಲ, ಗುಂಡಿ ಬೇಕು ಅಂದ್ಲು ಮೇಡಂ.
ಎಷ್ಟುದ್ದ? ಒಂದು ಮಾರು.
ಎಷ್ಟಾಳ? ಬೇರು ಮುಗಿಯೋ ತನಕ.

ಇಂಥ ಅಳತಿ ನಮ್ಮ ವಡ್ಡರ ಓಣಿಯೊಳಗ
ಯಾರೂ ಕೇಳಿದ್ದಿಲ್ಲ.
ನಮಗ ಗೊತ್ತಿದ್ದದ್ದು ನೀರು ಬರೋ ತನಕ,
ಇಲ್ಲಾ, ಹೊಲದವರ ರೊಕ್ಕ ಮುಗಿಯೋ ತನಕ.

ಕುಕನೂರಿನ ಮೂಡಲಕ್ಕ, ಎರಿ ಹೊಲ.
ಎಳ್ಳಮಾಸಿ ಆಗಿ ಹದಿನೈದು ದಿನ.
ಚಿತ್ತಿ ಮಳಿ ಒಮ್ಮೆ ಬಂದು ಮಾರಿ ತೋರಿಸಿ ಹೋದದ್ದು,
ಆಮ್ಯಾಲಿಂದ ಮುಗಿಲು ತಿಕ್ಕಿ ಬೋರಲು ಹಾಕಿದ ತಾಟು.
ಇಪ್ಪತ್ನಾಕು ಸಾಲು ಬಿಳಿಜೋಳ,
ಸಾಲಿಗೊಂದು ತಗಡು, ತಗಡಿನ ಮ್ಯಾಲ ನಂಬರು.
ಹತ್ತೊಂಬತ್ತು ಒಣಗಿ ರದ್ದಿ ಆಗಿತ್ತು.
ಅದರ ಬಾಜೂಕ ಇಪ್ಪತ್ತು
ಇನ್ನೂ ಹಸಿರು,
ನಾಚಿಕಿ ಬಿಟ್ಟ ಹಸಿರು.

“ಎರಡಕ್ಕೂ ಬಿದ್ದದ್ದು ಒಂದೇ ಮಳಿ, ಎಂಕೋಬಣ್ಣ.
ಮ್ಯಾಲ ನಿಂತು ನೋಡಿದ್ರ ತಿಳಿಯಂಗಿಲ್ಲ. ಕಡಿ.”

ಕಡಿದೆ.
ಮೊದಲ ಗೇಣು ಬೂದಿ.
ಎರಡನೇ ಗೇಣಿನ್ಯಾಗ ಬಿರುಕು,
ಮೊಣಕೈ ತನಕ ಕೈ ಹೋತು,
ಒಳಗ ಒಂದು ಚೇಳಿನ ಪರಿ, ಚೇಳಿಲ್ಲ.
ಮೂರನೇದರಾಗ ಹತ್ತೊಂಬತ್ತರ ಬೇರು ನಿಂತಿತ್ತು,
ಪ್ಯಾಟಿಗಂತ ಹೊಂಟು
ಬಸ್ ಸ್ಟ್ಯಾಂಡಿನ್ಯಾಗ ಕುಂತು ಹೊಳ್ಳಿ ಬಂದವನಂಗ.
ಇಪ್ಪತ್ತರದು ಇಳೀತಾ ಇತ್ತು.

ಗುದ್ದಲಿ ಬಿಟ್ಟು ಕುರುಪಿ ಹಿಡಿದೆ,
ಕುರುಪಿ ಬಿಟ್ಟು ಚಮಚ,
ಕಡೀಕ ಬೆರಳು.
ನಾಜನೀನ ಮೇಡಂ ಎಣ್ಣಿ ಹೊಡಿಯೋ ಪಂಪಿನ್ಯಾಗ
ನೀರು ಚಿಮುಕಿಸಿ ಮಣ್ಣು ತೊಳೆದ್ಲು,
ಹುಟ್ಟಿದ ಕೂಸಿನ ಕಿವಿ ತೊಳೆದಂಗ.

ಬಿಸಿಲು ನೆತ್ತಿಗೆ ಬಂದಾಗ
ಜೋಳದ ಎಲಿ ತನ್ನಷ್ಟಕ್ಕ ಸುರುಳಿ ಸುತ್ತಿಕೊಂತು.
ದಂಟಿನ ಮ್ಯಾಲ ಬಿಳೀ ಪುಡಿ, ಮುಟ್ಟಿದ್ರ ವಿಭೂತಿ.
ಇದರದೆಲ್ಲ ಸಾಧುತನ ಅನ್ಕೋಬ್ಯಾಡ್ರಿ.
ನೀರಡಿಸಿದ ಮರಿಜೋಳ ಮೇದು
ನಮ್ಮ ಕಂದು ಕರ ಹೊಲದ ಬದುವಿನ ಮ್ಯಾಲೇ
ಕಾಲು ಚಾಚಿತ್ತು.
ತಾಳಿಕೊಳ್ಳೋದು ಅಂದ್ರ ಸುಮ್ಮನಿರೋದಲ್ಲ.
ಆಚೀ ಹೊಲದ ಕಡ್ಲಿನೂ ಹಂಗೇ, ಎಲಿ ತುಂಬ ಹುಳಿ.
ಗಾಳೆಮ್ಮ ರಾತ್ರಿ ಧೋತರ ಹಾಸಿ
ನಸಿಕಿನ್ಯಾಗ ಹಿಂಡಿ ಶೀಶೆ ತುಂಬ್ತಾಳ,
ಹೊಟ್ಟಿನೋವಿಗೆ.

ಐದನೇ ಗೇಣಿಗೆ ಮಣ್ಣು ತಣ್ಣಗಾತು.
ಬಾವಿ ಕಡಿಯವರಿಗೆ ಆ ತಂಪು
ಮೊದಲು ಹಿಮ್ಮಡಿಗೆ ತಿಳೀತೈತಿ.
“ಬಂತು” ಅಂತ ಕೂಗಲಿಕ್ಕೆ ಬಾಯಿ ತೆರೆದಿದ್ದೆ, ರೂಢಿ.
ಏನೂ ಬಂದಿದ್ದಿಲ್ಲ.
ಮುಷ್ಟಿ ಹಿಂಡಿದ್ರ ಬೆರಳಿಗೂ ಹತ್ತದಷ್ಟು ಹಸಿ,
ಅಷ್ಟೇ.
ಬೇರು ಅದರೊಳಗ ಕೂದಲು ಬಿಚ್ಚಿ ಕುಂತಿತ್ತು.

ನಾ ಕಡಿದದ್ದು ನಲವತ್ತೊಂದು ಬಾವಿ.
ನೀರು ಕಂಡದ್ದು ಹದಿನೇಳು.
ಉಳಿದವುಗಳ ಹೊಲದವರು
ಸಂತ್ಯಾಗ ಎದುರಾದ್ರ ಈಗಲೂ ಮಾರಿ ತಿರುವ್ತಾರ.
ಆ ಒಣ ಬಾವಿಗಳಾಗೂ ಈ ಹಸಿ ಇತ್ತು.
ಕಾಲಿಗೆ ಹತ್ತಿತ್ತು, ಗೊತ್ತಾಗಿತ್ತು.
ಇದು ನೀರಲ್ಲ ಅಂತ
ಬುಟ್ಟಿಗೆ ತುಂಬಿ ಮ್ಯಾಲೆ ಚೆಲ್ಲಿದೆ,
ಚೆಲ್ಲಿ ಕಲ್ಲಿಗೆ ಹೋದೆ.

ಏಳು ಗೇಣು, ಎರಡು ಬೆರಳು.
ಅಲ್ಲಿಗೆ ತುದಿ ನನ್ನ ಕೈಯಾಗ ಟಕ್ ಅಂತು.
ದಾರದಂಥ ದಾರ. ಇನ್ನೂ ಎಷ್ಟಿತ್ತೋ.
ಮೇಡಂ ಬೈಯಲಿಲ್ಲ, ವಹಿಯೊಳಗ ಅಂಕಿ ಬರೆದು
ಮುಂದ ಒಂದು ಕೂಡು ಗುರ್ತು ಹಾಕಿದ್ಲು.
ಗೊತ್ತಿಲ್ಲದ್ದಕ್ಕೂ ಒಂದು ಗುರ್ತು ಐತೇನ್ರೀ ಅಂದೆ.
ನಕ್ಕಳು. ಹಲ್ಲಿಗೂ ಎರಿಮಣ್ಣು.

ಹೊತ್ತು ಇಳಿದಾಗ ಸಾಲಿನ ಎಲಿ ಒಂದೊಂದೇ ಸುರುಳಿ ಬಿಚ್ಚಿದವು,
ಇಪ್ಪತ್ತರಾಗ ನಾವು ತೊಳೆದ ಗಿಡ ಒಂದು ಬಿಟ್ಟು.
ಅದು ಸುತ್ತಿಕೊಂಡದ್ದು ಸುತ್ತಿಕೊಂಡಂಗೇ ನಿಂತಿತ್ತು,
ತೆನಿ ಮಾತ್ರ ಹೊತ್ತಿಕೊಂಡು.
ಇಬ್ಬರೂ ಆ ಕಡೆ ನೋಡಲಿಲ್ಲ.

ಗುಂಡಿ ಮುಚ್ಚೋದು ಇತ್ತು.
ತೆಗೆದ ಮಣ್ಣು ತಿರುಗಿ ತುಂಬೋ ಕೂಲಿ
ನನಗ ಇದೇ ಮೊದಲು.
ಯಾವ ಮಣ್ಣು ಮೊದಲು ಅಂತ ಯಾರೂ ಹೇಳಲಿಲ್ಲ.
ಮ್ಯಾಲಿನ ಬೂದಿ ಬಾಜೂಕ ಸರಿಸಿ
ತಳದ ಹೆಂಟಿ ಹುಡುಕಿದೆ. ಆಗಲೇ ಅರ್ಧ ಆರಿತ್ತು.
ಎರಡೂ ಕೈಲೆ ಎತ್ತಿ
ಕೆಳಗ ಇಟ್ಟೆ.